ದುಬೈ ಫ್ರೀ ಝೋನ್‌ನಲ್ಲಿ ಕಂಪನಿ ತೆರೆದರೆ ತೆರಿಗೆಯೇ ಇರುವುದಿಲ್ಲವೇ?

ಬೆಂಗಳೂರಿನಲ್ಲಿಯೇ ಇದ್ದುಕೊಂಡು ದುಬೈನ ಯಾವ ಫ್ರೀ ಝೋನ್‌ನಲ್ಲಿ (ಪ್ರತ್ಯೇಕ ನಿಯಮಗಳಿರುವ ವಿಶೇಷ ವ್ಯಾಪಾರ ವಲಯ) ಅಗ್ಗವಾಗಿ ಕಂಪನಿ ತೆರೆದರೆ ತೆರಿಗೆಯ ಗೊಡವೆಯಿಲ್ಲದೆ ವ್ಯವಹಾರ ಮಾಡಬಹುದು ಎಂದು ಕೇಳಿದ್ದೀರಿ. 2017ರ ಕೊನೆಯಲ್ಲಿ ಅಲ್ಲಿ ಒಳಾಂಗಣ ವಿನ್ಯಾಸದ ಸಣ್ಣ ಕಂಪನಿಯನ್ನು ಆರಂಭಿಸಿದಾಗ ನನ್ನ ಲೆಕ್ಕಾಚಾರವೂ ಇದೇ ಆಗಿತ್ತು. ಲೈಸೆನ್ಸ್ ಮಾಡಿಸಿಕೊಟ್ಟ ಏಜೆಂಟರು, "ಫ್ರೀ ಝೋನ್ ಎಂದರೆ ದೇಶದ ಹೊರಗೆ ಇದ್ದ ಹಾಗೆ ಸರ್, ವ್ಯಾಟ್ ನಿಮಗೆ ಬರುವುದಿಲ್ಲ" ಎಂದಿದ್ದರು. 2018ರ ಜನವರಿ 1ರಂದು ಶೇ. 5ರ ವ್ಯಾಟ್ (ಸರಕು-ಸೇವೆಗಳ ಮೇಲಿನ ಮೌಲ್ಯವರ್ಧಿತ ತೆರಿಗೆ) ಜಾರಿಗೆ ಬಂದ ಮೇಲೂ ನಾನು ಹಳೆಯ ಮಾದರಿಯ ಬಿಲ್ಲುಗಳನ್ನೇ ಬರೆಯುತ್ತಾ ಹೋದೆ.

ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಇಂದಿಗೂ ಅನೇಕರು ಮಾಡುತ್ತಿದ್ದಾರೆ. ವ್ಯಾಟ್ ಕಾನೂನಿನಲ್ಲಿ ದೇಶದ ಹೊರಗಿನವೆಂದು ಪರಿಗಣಿಸುವುದು ಬೇಲಿ ಮತ್ತು ಕಸ್ಟಮ್ಸ್ ಕಾವಲು ಇರುವ, ಸರ್ಕಾರವು ಪಟ್ಟಿ ಮಾಡಿರುವ ಕೆಲವು ವಲಯಗಳನ್ನು ಮಾತ್ರ. ಅದೂ ಮುಖ್ಯವಾಗಿ ಸರಕುಗಳ ವಿಚಾರದಲ್ಲಿ. ಸೇವೆಗಳಿಗೆ ಆ ವಲಯಗಳೂ ದೇಶದ ಒಳಗೇ. ನಾನು ಮಾರುತ್ತಿದ್ದುದು ನಕ್ಷೆ ಮತ್ತು ಸಲಹೆ, ಅಂದರೆ ಅಪ್ಪಟ ಸೇವೆ. 12 ತಿಂಗಳ ವಹಿವಾಟು 3,75,000 ದಿರ್ಹಂ ದಾಟಿದರೆ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕೆಂಬ ನಿಯಮ ನನಗೂ ಅನ್ವಯಿಸುತ್ತಿತ್ತು. ದೊಡ್ಡ ಗ್ರಾಹಕರೊಬ್ಬರ ಅಕೌಂಟೆಂಟ್ ನನ್ನ ಬಿಲ್ಲನ್ನು ಹಿಂದಿರುಗಿಸಿ, 15 ಅಂಕಿಗಳ ತೆರಿಗೆ ನೋಂದಣಿ ಸಂಖ್ಯೆ ಎಲ್ಲಿ ಎಂದು ಕೇಳಿದಾಗಲೇ ನನಗೆ ವಿಷಯ ತಿಳಿದದ್ದು.

ತಡವಾದ ನೋಂದಣಿಗೆ ಆಗ ದಂಡ 20,000 ದಿರ್ಹಂ ಇತ್ತು. 2021ರಲ್ಲಿ ಅದನ್ನು 10,000ಕ್ಕೆ ಇಳಿಸಿದರು. ಆದರೆ ನನಗೆ ಪೆಟ್ಟು ಕೊಟ್ಟದ್ದು ದಂಡಕ್ಕಿಂತ ಹೆಚ್ಚಾಗಿ ಹಳೆಯ ಬಿಲ್ಲುಗಳು. ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ ವಸೂಲಾದ ಮೊತ್ತದಲ್ಲಿ ತೆರಿಗೆಯೂ ಸೇರಿದೆ ಎಂದೇ ಲೆಕ್ಕ. ಹೀಗಾಗಿ 10,500 ದಿರ್ಹಂ ಬಂದ ಕಡೆ 500 ದಿರ್ಹಂ ನನ್ನದಲ್ಲ, ಸರ್ಕಾರದ್ದು. ವ್ಯಾಟ್‌ಗೆ ನೋಂದಾಯಿಸಿಕೊಂಡಿದ್ದ ಕಂಪನಿಗಳಿಂದ ಸಕಾಲದಲ್ಲಿ ತೆರಿಗೆ ಪಡೆದಿದ್ದರೆ ಅವರು ಅದನ್ನು ತಮ್ಮ ಲೆಕ್ಕದಲ್ಲಿ ಮರಳಿ ಪಡೆಯುತ್ತಿದ್ದರು, ಅವರಿಗೆ ಕಿಂಚಿತ್ತೂ ನಷ್ಟವಿರಲಿಲ್ಲ. ಆದರೆ ಮುಗಿದುಹೋದ ಕೆಲಸದ ಕಡತವನ್ನು ನನಗಾಗಿ ಮತ್ತೆ ತೆರೆಯಲು ಯಾರೂ ಒಪ್ಪಲಿಲ್ಲ. ಹಾಗೆ ಮರಳಿ ಪಡೆಯಲಾಗದ ನನ್ನ ಇತರ ಗ್ರಾಹಕರ, ಅಂದರೆ ವಿಲ್ಲಾ ಮಾಲೀಕರ ಬಳಿಯಂತೂ ಕೇಳುವ ಮುಖವೇ ಇರಲಿಲ್ಲ. ಒಪ್ಪಂದದಲ್ಲಿ "ತೆರಿಗೆ ಪ್ರತ್ಯೇಕ" ಎಂಬ ಒಂದು ಸಾಲು ಇಲ್ಲದ ಕಾರಣಕ್ಕೆ ಎಲ್ಲವನ್ನೂ, ತಡಪಾವತಿಯ ದಂಡವನ್ನೂ ಸೇರಿಸಿ, ಕೈಯಿಂದಲೇ ತೆತ್ತೆ.

"ದುಬೈನಲ್ಲಿ ತೆರಿಗೆ ಇಲ್ಲ" ಎಂಬ ಮಾತು ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. 1930ರ ದಶಕದಲ್ಲಿ ಜಪಾನಿನಲ್ಲಿ ಕೃಷಿ ಮಾಡಿ ಬೆಳೆಸಿದ ಮುತ್ತುಗಳಿಂದಾಗಿ ಆ ಕರಾವಳಿಯ ಮುತ್ತಿನ ವ್ಯಾಪಾರ ನೆಲಕಚ್ಚಿತು. 1958ರಲ್ಲಿ ಅಬುಧಾಬಿಯಲ್ಲಿ ತೈಲ ಸಿಕ್ಕಿತು, 1971ರಲ್ಲಿ ದುಬೈಯೂ ಸೇರಿದ ಸಂಯುಕ್ತ ಅರಬ್ ಎಮಿರೇಟ್ಸ್ (ಯುಎಇ) ಒಕ್ಕೂಟ ರಚನೆಯಾಯಿತು. ತೈಲದ ಪಾಲು ಕಡಿಮೆ ಇದ್ದ ದುಬೈ, 1979ರಲ್ಲಿ ಜೆಬೆಲ್ ಅಲಿ ಬಂದರನ್ನು, 1985ರಲ್ಲಿ ಅದರ ಪಕ್ಕದಲ್ಲೇ ಫ್ರೀ ಝೋನ್ ಅನ್ನು ತೆರೆದು ವ್ಯಾಪಾರವನ್ನೇ ನೆಚ್ಚಿಕೊಂಡಿತು. ಬೊಕ್ಕಸಕ್ಕೆ ತೈಲದ ಹಣ ಮತ್ತು ಶುಲ್ಕಗಳು ಸಾಕಾಗುತ್ತಿದ್ದವು. 2014ರಲ್ಲಿ ತೈಲದ ಬೆಲೆ ಕುಸಿದ ಬಳಿಕ ಆ ಕಾಲ ಮುಗಿಯುತ್ತಾ ಬಂತು. ನೀವು ಕೇಳುತ್ತಿರುವುದು ಆ ಹಳೆಯ ದುಬೈ ಕುರಿತು.

2023ರ ಜೂನ್ 1 ಅಥವಾ ಅನಂತರ ಆರಂಭವಾಗುವ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ತೆರಿಗೆ ಇದೆ: ಲಾಭದ ಮೊದಲ 3,75,000 ದಿರ್ಹಂಗೆ ಶೂನ್ಯ, ಅದರ ಮೇಲೆ ಶೇ. 9. ಫ್ರೀ ಝೋನ್ ಕಂಪನಿಗೆ ಶೂನ್ಯ ದರ ಸಿಗುವುದು ಕಾನೂನು ಗುರುತಿಸಿರುವ ಬಗೆಯ "ಅರ್ಹ ಆದಾಯ"ಕ್ಕೆ ಮಾತ್ರ, ಅದೂ ಅಲ್ಲಿ ನಿಜವಾದ ಕಚೇರಿ, ಸಿಬ್ಬಂದಿ ಮತ್ತು ಆಡಿಟ್ ಆದ ಲೆಕ್ಕಪತ್ರ ಇದ್ದರೆ. ಈ ಶೂನ್ಯ ದರದ ಸ್ಥಾನಮಾನ ಪಡೆದವರಿಗೆ 3,75,000ದ ವಿನಾಯಿತಿಯಾಗಲಿ, 30 ಲಕ್ಷ ದಿರ್ಹಂವರೆಗಿನ ವಹಿವಾಟಿನ ಸಣ್ಣ ಉದ್ದಿಮೆಗಳಿಗೆ 2026ರ ಡಿಸೆಂಬರ್ 31ರೊಳಗೆ ಮುಗಿಯುವ ವರ್ಷಗಳ ಮಟ್ಟಿಗೆ ಕೊಟ್ಟಿರುವ ರಿಯಾಯಿತಿಯಾಗಲಿ ದೊರೆಯುವುದಿಲ್ಲ. ಸಣ್ಣವರಿಗೆ ಇದರಿಂದ ಲಾಭಕ್ಕಿಂತ ತಲೆನೋವೇ ಹೆಚ್ಚೆಂಬುದು ನನ್ನ ಖಚಿತ ಅಭಿಪ್ರಾಯ.

ಸಂಬಳಕ್ಕೆ ಆದಾಯ ತೆರಿಗೆ ಇಲ್ಲವೆಂಬುದು ಈಗಲೂ ನಿಜ. ಆದರೆ ಸ್ವಂತ ಹೆಸರಿನಲ್ಲಿ ವ್ಯವಹಾರ ಮಾಡುವವರ ವಾರ್ಷಿಕ ವಹಿವಾಟು 10 ಲಕ್ಷ ದಿರ್ಹಂ ದಾಟಿದರೆ ಅವರೂ ಕಾರ್ಪೊರೇಟ್ ತೆರಿಗೆಯ ವ್ಯಾಪ್ತಿಗೆ ಬರುತ್ತಾರೆ. ದುಬೈನಲ್ಲಿ ಬಾಡಿಗೆಗಿರುವ ವಿದೇಶೀಯರ ವಿದ್ಯುತ್-ನೀರಿನ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ಶೇ. 5ರಷ್ಟು ಮೊತ್ತ ವಸತಿ ಶುಲ್ಕವೆಂದು ತಿಂಗಳಿಗಿಷ್ಟರಂತೆ ಸೇರಿಕೊಳ್ಳುತ್ತದೆ. ಅದನ್ನು ತೆರಿಗೆ ಎನ್ನದಿದ್ದರೂ ಜೇಬಿಗೆ ವ್ಯತ್ಯಾಸವೇನೂ ತಿಳಿಯುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು "ಬೆಂಗಳೂರಿನಲ್ಲಿಯೇ ಇದ್ದುಕೊಂಡು" ಎಂಬುದು. ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಇಲ್ಲೇ ನೆಲೆಸಿರುವವರ ಮಟ್ಟಿಗೆ, ದುಬೈ ಕಂಪನಿಯಿಂದ ಬರುವ ಸಂಬಳವೂ ಡಿವಿಡೆಂಡೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕಾದ ಆದಾಯವೇ. ಆ ಕಂಪನಿಯ ಷೇರುಗಳನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಬರೆಯಬೇಕು. ಆದ್ದರಿಂದ ಯಾವ ಫ್ರೀ ಝೋನ್ ಅಗ್ಗ ಎಂಬ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ನಿಜವಾಗಿಯೂ ಅಲ್ಲಿಗೆ ಹೋಗಿ ನೆಲೆಸುವುದಾದರೆ, ಗ್ರಾಹಕರು ದುಬೈನವರೇ ಆಗಿದ್ದರೆ, ಮೇನ್‌ಲ್ಯಾಂಡ್ (ಫ್ರೀ ಝೋನ್‌ಗಳ ಹೊರಗಿನ ದುಬೈ) ಲೈಸೆನ್ಸನ್ನು ವಿಚಾರಿಸಿ. 2021ರಿಂದ ಹೆಚ್ಚಿನ ವ್ಯವಹಾರಗಳಿಗೆ ಅಲ್ಲಿ ಸ್ಥಳೀಯ ಪಾಲುದಾರರ ಹಂಗಿಲ್ಲ. ಮೊದಲ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ "ವ್ಯಾಟ್ ಪ್ರತ್ಯೇಕ" ಎಂಬ ಸಾಲನ್ನು ಸೇರಿಸಿಕೊಳ್ಳಿ.