ಬೀದರ್ ಚಳಿಗೆ ಸಿಲಿಂಡರ್ ಸಾಲ್ತಿಲ್ಲ ಅಂದವರಿಗೆ
ಊರಲ್ಲಿರೋ ಅವ್ವ ಚಳಿಗಾಲದಲ್ಲಿ ಸ್ನಾನದ ನೀರನ್ನೂ ಗ್ಯಾಸ್ ಮೇಲೇ ಕಾಯಿಸ್ತಾರೆ, ಉಜ್ವಲಾ ಸಿಲಿಂಡರ್ ಬೇಗ ಮುಗಿಯುತ್ತೆ, ತುಂಬಿಸೋಕೆ ದುಡ್ಡಿಲ್ಲ ಅಂತ ಕೇಳಿದ್ದೀರಿ.

ಮೊದಲು ನೀರಿನ ಹಂಡೆಯನ್ನು ಗ್ಯಾಸಿನಿಂದ ಇಳಿಸಿ. ರಾಶಿ ಆದ ಮೇಲೆ ತೊಗರಿ ಕಟ್ಟಿಗೆ ಹೊಲದಲ್ಲೇ ಸಿಗುತ್ತೆ ಅಲ್ವಾ? ಅಂಗಳದಲ್ಲಿ ಒಲೆ ಹೂಡಿ ಕಾಯಿಸಲಿ, ಹೊಗೆ ಮನೆಯೊಳಗೆ ಬರಬಾರದು. ಗೃಹಜ್ಯೋತಿ ಇದ್ದರೆ ಕಾಯಿಲ್ ಕೂಡ ನಡೆಯುತ್ತೆ. 1500 ವ್ಯಾಟಿನದು ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್ ಎಳೆಯುತ್ತೆ. ಬಿಲ್ಲಿನಲ್ಲಿ ಉಚಿತ ಯೂನಿಟ್ ಎಷ್ಟಿದೆ ನೋಡಿಕೊಂಡು ಹಾಕಿ.

ದಯವಿಟ್ಟು ರಾತ್ರಿ ಕೆಂಡ ಒಳಗಿಟ್ಟು ಬಾಗಿಲು ಹಾಕಿ ಮಲಗೋಕೆ ಬಿಡಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ. ಇನ್ನೊಂದು ಕೌದಿ ಹೊದಿಸಿ.

ಇನ್ನು ದುಡ್ಡಿನ ಮಾತು. ಉಜ್ವಲಾದವರಿಗೆ 2023ರ ಅಕ್ಟೋಬರ್‌ನಿಂದ 14.2 ಕೆಜಿ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಮಾಡಿದ್ದಾರೆ. ಆದರೆ ಪೂರ್ತಿ ಹಣ ಮೊದಲು ನಾವೇ ಕೊಡಬೇಕು, ಆಮೇಲೆ ಖಾತೆಗೆ ಬರುತ್ತೆ. ಕೂಲಿ ಮನೆಯವರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಅವ್ವನ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹಣ ಬಂದಿಲ್ಲ ಅಂದ್ರೆ ಬ್ಯಾಂಕಿನಲ್ಲಿ ಆಧಾರ್ ಜೋಡಣೆ, ಏಜೆನ್ಸಿಯಲ್ಲಿ ಇ-ಕೆವೈಸಿ ಎರಡೂ ವಿಚಾರಿಸಿ. ಹಾಗೇ 5 ಕೆಜಿ ಸಿಲಿಂಡರಿಗೆ ಬದಲಾಯಿಸಿಕೊಡ್ತಾರಾ ಅಂತ ಕೇಳಿ, ಒಂದೇ ಸಲಕ್ಕೆ ಹೊಂದಿಸೋ ದುಡ್ಡು ಕಡಿಮೆಯಾಗುತ್ತೆ.