ನರ್ಸ್ ಗಂಟೆಗೊಮ್ಮೆ ಬರುವುದು ಸುಮ್ನೆ ಅಲ್ಲ

ಅಮ್ಮನ ಸೊಂಟದ ಆಪರೇಷನ್ ಆದಮೇಲೆ ಸಿಸ್ಟರ್ ಗಂಟೆಗೊಮ್ಮೆ ಬಂದು ಅದದೇ ಕೇಳುತ್ತಾರೆ, ಇದು ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಕು. ನೋವಿದೆಯಾ, ಟಾಯ್ಲೆಟ್‌ಗೆ ಹೋಗಬೇಕಾ, ಮಗ್ಗುಲು ಬದಲಿಸಬೇಕಾ, ನೀರು, ಕನ್ನಡಕ, ಬೆಲ್ ಕೈಗೆಟುಕುತ್ತಾ ಅಂತ ನೋಡುತ್ತಾರೆ. ವಯಸ್ಸಾದವರು ಎಷ್ಟೋ ಸಲ ಬೀಳುವುದು ಟಾಯ್ಲೆಟ್‌ಗೆಂದು ಒಬ್ಬರೇ ಎದ್ದಾಗ. ಪಾಪ, ಸಿಸ್ಟರ್‌ಗ್ಯಾಕೆ ತೊಂದರೆ ಅಂತ ಬೆಲ್ ಒತ್ತುವುದೇ ಇಲ್ಲ!

ಅಮೆರಿಕದ 14 ಆಸ್ಪತ್ರೆಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಗಂಟೆಗೊಮ್ಮೆ ಸುತ್ತು ಹಾಕಿದ ವಾರ್ಡ್‌ಗಳಲ್ಲಿ ಬೆಲ್ ಒತ್ತುವುದೂ ಬೀಳುವುದೂ ಕಡಿಮೆಯಾಯಿತು. ಎರಡು ಗಂಟೆಗೊಮ್ಮೆ ಹೋದಲ್ಲಿ ಬೆಲ್ ಕಡಿಮೆಯಾದರೂ, ಬೀಳುವುದು ಅಷ್ಟಾಗಿ ಇಳಿಯಲಿಲ್ಲ. ಆದರೆ ಏನೂ ಕೇಳದೆ ಬರೀ ಚಾರ್ಟ್‌ಗೆ ಸಹಿ ಹಾಕಿ ಹೋಗುವ ರೌಂಡ್ಸ್‌ನಿಂದ ಏನೂ ಆಗದು, ಬಿಡಿ.

ರಾತ್ರಿ ನಿದ್ದೆ ಕೆಡುತ್ತಿದ್ದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ. ಮಗ್ಗುಲು ಬದಲಿಸುವ, ಔಷಧಿಯ ಹೊತ್ತು ಬಿಟ್ಟು ಉಳಿದಾಗ ಎಬ್ಬಿಸದೆ ನೋಡಿಕೊಂಡು ಹೋಗಲು ಆಗುತ್ತಾ ಕೇಳಿ.