ಗಾಡಿ ಪ್ರಶ್ನೆ: ಡ್ರೈನ್ ಬೋಲ್ಟ್ ಸೋರುತ್ತಿದೆ, ಏನು ಮಾಡಲಿ?

ಮಳೆ ಶುರುವಾಗುವ ಮುಂಚೆ ಶಿರಸಿಯ ನನ್ನ ಗ್ಯಾರೇಜಿಗೆ ಆಯಿಲ್ ಚೇಂಜ್ ಗಾಡಿಗಳೇ ಜಾಸ್ತಿ. ಈ ಸಲ ಬಂದ ಪತ್ರಗಳೂ ಹೆಚ್ಚುಕಡಿಮೆ ಅದರ ಬಗ್ಗೆಯೇ ಇವೆ. ಮೊದಲನೆಯದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಬರೆದಿದ್ದೇನೆ. ಇದೇ ತೊಂದರೆ ಹೊತ್ತುಕೊಂಡು ವಾರಕ್ಕೆ ಒಬ್ಬರಾದರೂ ಬರುತ್ತಾರೆ.

ಪ್ರಶ್ನೆ: ನನ್ನದು 9 ವರ್ಷದ ಪಲ್ಸರ್ 150. ವಾರಕ್ಕೆರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತೇನೆ. ಹೋದ ತಿಂಗಳು ಆಯಿಲ್ ಬದಲಿಸಿದ ಮೇಲೆ ದಿನಾ ಬೆಳಿಗ್ಗೆ ಅಂಗಳದಲ್ಲಿ ರೂಪಾಯಿ ಅಗಲದ ಕಲೆ. ಇಂಜಿನ್ನಿನ ಅಡಿಯಲ್ಲಿ ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಎರಡು ಸಲ ಬಿಗಿ ಮಾಡಿಸಿದೆ, ನಿಂತಿಲ್ಲ. ಅಂಗಡಿಯವರು ಮ್ಯಾಗ್ನೆಟ್ ಇರುವ ಬೋಲ್ಟ್ ಹಾಕಿಸಿ ಅನ್ನುತ್ತಾರೆ. ಫಿಲ್ಟರ್‌ನಲ್ಲೂ ಎರಡು ಥರ ತೋರಿಸಿದರು, ಒಂದಕ್ಕೆ ಇನ್ನೊಂದರ ಅರ್ಧ ಬೆಲೆ. ಯಾವುದು ತಗೊಳ್ಳಲಿ?
(ಓದುಗರೊಬ್ಬರು, ಕುಮಟಾ)

ಉತ್ತರ: ಮೂರನೇ ಸಲ ಬಿಗಿ ಮಾಡಿಸಲು ಮಾತ್ರ ಹೋಗಬೇಡಿ. ಆಯಿಲನ್ನು ತಡೆಯುವುದು ಬೋಲ್ಟ್ ಅಲ್ಲ, ಅದರ ತಲೆಯ ಕೆಳಗಿರುವ ತೆಳು ವಾಷರ್. ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ಇರುತ್ತದೆ. ಮೆತ್ತಗಿನ ಲೋಹ, ಹಾಗಾಗಿ ಒತ್ತಿದಾಗ ಸ್ವಲ್ಪ ಜಜ್ಜಿಕೊಂಡು ಸಂದಿಯನ್ನೆಲ್ಲ ತುಂಬುತ್ತದೆ. ಒಮ್ಮೆ ಜಜ್ಜಿಕೊಂಡದ್ದು ಎರಡನೇ ಸಲ ಹಾಗೆ ಕೂರುವುದಿಲ್ಲ. ಒಂದು ಚಹಾದ ದುಡ್ಡಿನ ವಸ್ತು ಅದು. ಪ್ರತಿ ಸಲ ಹೊಸದನ್ನೇ ಹಾಕಿ.

ಹೊಸದು ಹಾಕಿದರೂ ಸೋರುತ್ತದೆ ಅನ್ನುವವರು ಇಂಜಿನ್ನಿನ ಅಡಿಗೆ ಟಾರ್ಚ್ ಹಿಡಿದು ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಹಳೆ ವಾಷರ್ ತೂತಿನ ಬಾಯಿಗೇ ಅಂಟಿಕೊಂಡಿರುತ್ತದೆ. ಮಸಿ ಹಿಡಿದು ಇಂಜಿನ್ ಬಣ್ಣಕ್ಕೇ ತಿರುಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಹೊಸದು ಕೂತರೆ ಎರಡು ವಾಷರ್ ಆಯಿತಲ್ವಾ, ಆ ನಡುವಿನಿಂದ ಹನಿ ಬೀಳುತ್ತದೆ. ಉಗುರಿನಿಂದ ಸುತ್ತ ಕೆರೆದು ನೋಡಿ, ಅಂಚು ಸಿಕ್ಕರೆ ಅದೇ ಕಳ್ಳ.

ಇನ್ನು ಬಿಗಿಯ ವಿಷಯ. ಬೋಲ್ಟ್ ಉಕ್ಕಿನದು, ಇಂಜಿನ್ ಕೇಸ್ ಅಲ್ಯೂಮಿನಿಯಂ. ಜಗಳಕ್ಕೆ ಬಿದ್ದರೆ ಸೋಲುವುದು ಕೇಸ್. 12 ಮಿಲಿಮೀಟರ್ ಡ್ರೈನ್ ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಅಷ್ಟು ಅಂದರೆ ಎಷ್ಟು? 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 10 ಕಿಲೋ ಅಕ್ಕಿ ಚೀಲ ತೂಗುಬಿಟ್ಟಷ್ಟು ಭಾರ. ಪಾನಾಕ್ಕೆ ಪೈಪ್ ತೊಡಿಸಿ ಎರಡು ಕೈಯಲ್ಲಿ ಜಗ್ಗಿದರೆ ಇದರ ಮೂರು ನಾಲ್ಕು ಪಟ್ಟು ಬೀಳುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗ ಹೀಗೇ ಒಂದು ಗಾಡಿಯ ಥ್ರೆಡ್, ಅಂದರೆ ಬೋಲ್ಟ್ ಕೂರುವ ತೂತಿನೊಳಗಿನ ಸುರುಳಿ ಗೆರೆ, ಹಾಳು ಮಾಡಿದ್ದೆ. ಸೋರಬಾರದು ಅಂತ ಇನ್ನೊಂದು ಕಾಲು ಸುತ್ತು ತಿರುಗಿಸಿದೆ. ಕೈಗೆ ಒಮ್ಮೆ ಗಟ್ಟಿಯಾಯಿತು, ಮರುಗಳಿಗೆ ಬೆಣ್ಣೆಯೊಳಗೆ ತಿರುಗಿದ ಹಾಗೆ ಸಡಿಲ. ಬಿಚ್ಚಿದರೆ ಬೋಲ್ಟಿನ ಸುತ್ತ ಬೆಳ್ಳಿ ತಂತಿಯಂಥ ಸುರುಳಿ ಸುತ್ತಿಕೊಂಡು ಬಂತು. ಅದು ಇಂಜಿನ್ನಿನ ಥ್ರೆಡ್! ಆ ಗಾಡಿಯವರು ಹಾಲು ಹಾಕಿ ಬದುಕುವವರು. ಹೆಲಿಕಾಯಿಲ್ (ಹಾಳಾದ ತೂತಿಗೆ ಹೊಸ ಥ್ರೆಡ್ ಕೊಡುವ ಉಕ್ಕಿನ ಸುರುಳಿ) ಕೂರಿಸಿ ಸರಿ ಮಾಡುವ ತನಕ ಎರಡು ದಿನ ಸೈಕಲ್ ತುಳಿದರು. ಆಮೇಲೆ ನಾನು ಯಾವ ಡ್ರೈನ್ ಬೋಲ್ಟಿಗೂ ಪೈಪ್ ತೊಡಿಸಿಲ್ಲ.

ನಿಮ್ಮ ಗಾಡಿಯ ಬೋಲ್ಟನ್ನು ಈಗಾಗಲೇ ಎರಡು ಸಲ ಬಿಗಿದಿದ್ದಾರೆ. ಹಾಗಾಗಿ ಬಿಚ್ಚಿದಾಗ ಥ್ರೆಡ್ ಪರೀಕ್ಷೆ ಮಾಡಿಸಿ. ಬೋಲ್ಟನ್ನು ಬರಿಬೆರಳಲ್ಲಿ ನಾಲ್ಕು ಸುತ್ತು ಹಾಕಿ, ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಪಾನಾ ಮುಟ್ಟಬೇಡಿ. ಥ್ರೆಡ್ ಸವೆದಿದ್ದರೆ ಹೆಲಿಕಾಯಿಲ್ ಕೂರಿಸುವುದೇ ಸರಿಯಾದ ದಾರಿ. ಸ್ವಲ್ಪ ದಪ್ಪದ, ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಬೋಲ್ಟ್ ಕೂಡ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಕೊರೆದ ಚೂರು ಇಂಜಿನ್ ಒಳಗೇ ಬೀಳಬಹುದು, ಮುಂದಿನ ಸಲ ತೂತು ಇನ್ನೂ ಹದಗೆಡುತ್ತದೆ. ಎಂ-ಸೀಲ್ ಮೆತ್ತಿಸಿಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಬೇಡ. ಘಟ್ಟದಲ್ಲಿ ಇಂಜಿನ್ ಕಾದಾಗ ಅದು ಬಿಟ್ಟುಕೊಂಡರೆ ಆಯಿಲ್ ಹಿಂದಿನ ಟಯರಿಗೇ ಬೀಳುತ್ತದೆ. ದೇವಿಮನೆಯ ತಿರುವಿನಲ್ಲಿ, ಮಳೆಯಲ್ಲಿ, ಹಿಂದಿನ ಟಯರಿಗೆ ಆಯಿಲ್ ಅಂದರೆ ನೀವೇ ಯೋಚಿಸಿ.

ಮ್ಯಾಗ್ನೆಟ್ ಬೋಲ್ಟ್ ಹಾಕಿದರೆ ಸೋರುವುದು ನಿಲ್ಲುವುದಿಲ್ಲ. ಅದರ ಕೆಲಸವೇ ಬೇರೆ. ಗೇರ್ ಸವೆದು ಬರುವ ಕಬ್ಬಿಣದ ಪುಡಿಯನ್ನು ಹಿಡಿದಿಡುತ್ತದೆ. ಅಲ್ಯೂಮಿನಿಯಂ ಪುಡಿ, ಕ್ಲಚ್ ಪ್ಲೇಟಿನ ಪುಡಿ ಅದಕ್ಕೆ ಅಂಟುವುದಿಲ್ಲ, ಹಾಗಾಗಿ ಫಿಲ್ಟರಿಗೆ ಬದಲಿಯೂ ಅಲ್ಲ. ಆದರೂ ನನಗೆ ಅದು ಪ್ರಿಯ, ಯಾಕೆಂದರೆ ಇಂಜಿನ್ನಿನ ಆರೋಗ್ಯ ಹೇಳುತ್ತದೆ. ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು, ಗೇರ್ ಹಲ್ಲಿನ ತುಣುಕು ಸಿಕ್ಕರೆ ಗಾಡಿ ಓಡಿಸಬೇಡಿ, ಬಿಚ್ಚಿಸಿ ನೋಡಿ. ಕೊಳ್ಳುವಾಗ ಹಳೆ ಬೋಲ್ಟ್ ಜೊತೆಗೆ ಒಯ್ಯಿರಿ. ದಪ್ಪ ಒಂದೇ ಇದ್ದರೂ ಥ್ರೆಡ್ಡಿನ ಅಂತರ 1.25 ಮಿಲಿಮೀಟರ್ ಇರಬಹುದು, 1.5 ಇರಬಹುದು. ಉದ್ದವೂ ಹಳೆಯದರಷ್ಟೇ ಇರಲಿ. ಮ್ಯಾಗ್ನೆಟ್ಟನ್ನು ಬರೀ ಅಂಟಿನಲ್ಲಿ ಕೂರಿಸಿದ ಅಗ್ಗದ ಮಾಲು ಬೇಡ. ಕಿತ್ತು ಬಂದರೆ ಅದೇ ಕಸವಾಗುತ್ತದೆ.

ಫಿಲ್ಟರ್ ಮಾತ್ರ ಕಂಪನಿಯ ಪಾರ್ಟ್ ನಂಬರ್ ಇರುವುದನ್ನೇ ತಗೊಳ್ಳಿ, ಇಲ್ಲವೇ ಹೆಸರಿರುವ ಫಿಲ್ಟರ್ ತಯಾರಕರದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಹಿಡಿದು ನೋಡಿ. ಕಾಗದದ ಮಡಿಕೆಗಳು ಸಮ ಅಂತರದಲ್ಲಿ ಇವೆಯಾ? ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮತ್ತೆ ಸೆಟೆದು ನಿಲ್ಲುತ್ತವಾ? ಎರಡು ತುದಿಯ ಮುಚ್ಚಳಕ್ಕೆ ಅಂಟು ಸುತ್ತಲೂ ಬಿದ್ದಿದೆಯಾ? ಎತ್ತರದಲ್ಲಿ ಒಂದೆರಡು ಮಿಲಿಮೀಟರ್ ಕಡಿಮೆ ಇದ್ದರೂ ಆಯಿಲ್ ಪಕ್ಕದ ಸಂದಿಯಿಂದ ನುಸುಳಿ, ಸೋಸದೇ ಬೇರಿಂಗಿಗೆ ಹೋಗುತ್ತದೆ. ಉಳಿಸಿದ ದುಡ್ಡು ನೂರರ ಲೆಕ್ಕದ್ದು, ಕೆಡುವ ಇಂಜಿನ್ ಸಾವಿರಗಳ ಲೆಕ್ಕದ್ದು. ಫಿಲ್ಟರ್ ಜೊತೆ ಓ-ರಿಂಗ್ (ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಕೂಡ ಹೊಸದಾಗಲಿ, ಅದಕ್ಕೆ ಚೂರು ಆಯಿಲ್ ಸವರಿ ಕೂರಿಸಿ. ಫಿಲ್ಟರಿನ ಯಾವ ಬದಿ ಒಳಗೆ ಹೋಗಬೇಕು ಅಂತ ಹಳೆಯದನ್ನು ತೆಗೆಯುವಾಗಲೇ ಗಮನಿಸಿ.

ಎಲ್ಲ ಆದ ಮೇಲೆ ರಾತ್ರಿ ಗಾಡಿಯ ಕೆಳಗೆ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಅದು ಒಣಗಿದ್ದರೆ ನನಗೊಂದು ಸಾಲು ಬರೆಯಿರಿ.

ಪ್ರಶ್ನೆ: ನನ್ನ ಸ್ಪ್ಲೆಂಡರಿಗೆ ಆಯಿಲ್ ಫಿಲ್ಟರ್ ಬದಲಿಸಿ ಅಂದರೆ, ಅದರಲ್ಲಿ ಫಿಲ್ಟರೇ ಇಲ್ಲ ಅಂದರು. ಸುಮ್ನೆ ಹೇಳುತ್ತಿದ್ದಾರಾ?
(ಓದುಗರೊಬ್ಬರು, ಅಂಕೋಲಾ)

ಉತ್ತರ: ಅವರು ಹೇಳಿದ್ದು ಹೆಚ್ಚುಕಡಿಮೆ ನಿಜ. 100 ಸಿಸಿ ಸ್ಪ್ಲೆಂಡರಿನಲ್ಲಿ ಬದಲಿಸುವ ಕಾಗದದ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಜೊತೆಗೆ ಕ್ರ್ಯಾಂಕಿನೊಡನೆ (ಪಿಸ್ಟನ್ ತಿರುಗಿಸುವ ಇಂಜಿನ್ನಿನ ಮುಖ್ಯ ದಂಡ) ತಿರುಗುವ ಒಂದು ಬಟ್ಟಲು ಇದೆ. ಅದು ಗಿರ್ರನೆ ತಿರುಗುವಾಗ ಭಾರದ ಕಸ ಅಂಚಿಗೆ ಹೋಗಿ ಅಂಟುತ್ತದೆ. ಇವೆರಡನ್ನೂ ತೊಳೆಯಲು ಬಲಗಡೆಯ ಕವರ್ ಬಿಚ್ಚಬೇಕು. ಆಗ ಕವರಿನ ಅಂಚಿಗೆ ಕೂರುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಕೂಡ ಹೊಸದು ಬೇಕು. ಪ್ರತಿ ಸಲ ಬೇಡ, ಮ್ಯಾನುಯಲ್ ಹೇಳಿದ ಕಿಲೋಮೀಟರಿಗೆ ಮಾಡಿಸಿ. ಕಾಗದದ ಫಿಲ್ಟರ್ ಇಲ್ಲ ಅಂದ ಮೇಲೆ ಆಯಿಲ್ ಬದಲಿಸುವ ದಿನ ಮಾತ್ರ ಮುಂದೂಡಬೇಡಿ.

ಪ್ರಶ್ನೆ: ಮನೆ ಸಮುದ್ರದ ಪಕ್ಕ. ಡ್ರೈನ್ ಬೋಲ್ಟ್ ತುಕ್ಕು ಹಿಡಿದು ಪಾನಾ ಜಾರುತ್ತಿದೆ. ಕಾರಿನ ಆಯಿಲ್ ಒಂದು ಲೀಟರ್ ಉಳಿದಿದೆ, ಬೈಕಿಗೆ ಹಾಕಬಹುದಾ?
(ಓದುಗರೊಬ್ಬರು, ಕೋಡಿಬಾಗ, ಕಾರವಾರ)

ಉತ್ತರ: ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇಂಜಿನ್ ಐದು ನಿಮಿಷ ಬೆಚ್ಚಗೆ ಮಾಡಿ, ಆರು ಮೂಲೆಯ ಸಾಕೆಟ್ ಹಾಕಿ ತಿರುಗಿಸಿ. ತೆರೆದ ಬಾಯಿಯ ಪಾನಾ ಹಾಕಿದರೆ ಉಳಿದ ಮೂಲೆಗಳೂ ದುಂಡಗಾಗುತ್ತವೆ. ಆ ಬೋಲ್ಟ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಕಡಲ ಗಾಳಿ ತಗಲುವ ಊರಿನಲ್ಲಿ ತಿಂಗಳಿಗೊಮ್ಮೆ ಅದರ ತಲೆ ಒರೆಸಿ ಚೂರು ಗ್ರೀಸ್ ಸವರಿ.

ಕಾರಿನ ಆಯಿಲ್ ಬೇಡ. ಬೈಕಿನ ಕ್ಲಚ್ ಸಾಮಾನ್ಯವಾಗಿ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುತ್ತದೆ, ಆಗ ಕ್ಲಚ್ ಹಿಡಿಯುವುದಿಲ್ಲ. ಡಬ್ಬದ ಮೇಲೆ ಜಾಸೋ ಎಂಎ (JASO MA) ಅಥವಾ ಎಂಎ2 (MA2) ಅಂತ ಇರುವುದನ್ನೇ ಹಾಕಿ, ಬೈಕಿನ ಇಂಥ ಕ್ಲಚ್ಚಿಗೆ ಒಪ್ಪುವ ಆಯಿಲಿನ ಗುರುತು ಅದು.

ಪ್ರಶ್ನೆ: ತೆಗೆದ ಹಳೆ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುತ್ತೇವೆ. ಉಳಿದದ್ದನ್ನು ತೋಟದ ಕಾಲುವೆಗೆ ಚೆಲ್ಲುತ್ತೇವೆ. ತೊಂದರೆ ಇದೆಯಾ?
(ಅಡಿಕೆ ಬೆಳೆಗಾರರೊಬ್ಬರು, ಶಿರಸಿ ತಾಲ್ಲೂಕು)

ಉತ್ತರ: ಇದೆ, ದಯವಿಟ್ಟು ಚೆಲ್ಲಬೇಡಿ. ಗೂಟಕ್ಕೆ ಬಳಿದದ್ದೂ ಮಳೆಗೆ ತೊಳೆದು ಮಣ್ಣಿಗೇ ಹೋಗುತ್ತದೆ. ಹಳೆ ಆಯಿಲನ್ನು ನಮ್ಮ ದೇಶದ ನಿಯಮವೇ ಅಪಾಯಕಾರಿ ತ್ಯಾಜ್ಯ ಅನ್ನುತ್ತದೆ. ಶಿರಸಿ ಸೀಮೆಯ ಎಷ್ಟೋ ಹಳ್ಳಗಳು ಅಘನಾಶಿನಿಗೆ ಸೇರುತ್ತವೆ. ಆ ಹೊಳೆ ಕುಮಟಾ ಹತ್ತಿರ ಕಡಲು ಮುಟ್ಟುವಲ್ಲಿ ಚಿಪ್ಪು ಹೆಕ್ಕಿ ಬದುಕುವ ಮನೆಗಳಿವೆ. ಹಳೆ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಕ್ಕೇ ತುಂಬಿ, ಮುಚ್ಚಳ ಬಿಗಿದು, ಪೇಟೆಗೆ ಬರುವಾಗ ತನ್ನಿ. ಹಳೆ ಫಿಲ್ಟರನ್ನೂ ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ಸೋರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ನನ್ನ ಗ್ಯಾರೇಜಿನ ಹಿಂದೆ ಅದಕ್ಕೇ ಒಂದು ಡ್ರಮ್ ಇಟ್ಟಿದ್ದೇನೆ. ತುಂಬಿದಾಗ ಹಳೆ ಆಯಿಲ್ ಒಯ್ಯುವವರು ಬಂದು ಒಯ್ಯುತ್ತಾರೆ.